ಒಂಬತ್ತನೇ ಕಾಲಂ

ಅರ್ಜಿಯಲ್ಲಿ ಒಟ್ಟು ಇಪ್ಪತ್ತೆರಡು ಕಾಲಂಗಳಿದ್ದವು. ಇಪ್ಪತ್ತೊಂದನ್ನು ರುದ್ರೇಶ ಒಂದೇ ಉಸಿರಿಗೆ ತುಂಬಿದ್ದ. ಹುಡುಗನ ಹೆಸರು, ಹುಟ್ಟಿದ ದಿನ, ಆಧಾರ್ ನಂಬರು, ಎಡಗೆನ್ನೆಯ ಮೇಲಿನ ಮಚ್ಚೆ, ಒಂದನ್ನೂ ಬಿಟ್ಟಿರಲಿಲ್ಲ. ಉಳಿದದ್ದು ಒಂಬತ್ತನೆಯದು. ‘ವಿದ್ಯಾರ್ಥಿ ಸೇರಬಯಸುವ ವಿಭಾಗ: ವಿಜ್ಞಾನ, ವಾಣಿಜ್ಯ ಅಥವಾ ಕಲೆ’ ಎಂದು ಅಚ್ಚಾಗಿದ್ದ ಸಾಲಿನ ಮುಂದೆ ಎರಡು ಬೆರಳಗಲ ಜಾಗ ಖಾಲಿ ಬಿದ್ದಿತ್ತು. ಆ ಎರಡು ಬೆರಳಗಲ ಜಾಗ ಹನ್ನೆರಡು ದಿನಗಳಿಂದ ರುದ್ರೇಶನಿಗೆ ನಿದ್ದೆ ಕೊಟ್ಟಿರಲಿಲ್ಲ. ಇವತ್ತು ಕಡೆಯ ದಿನ. ಸಂಜೆ ನಾಲ್ಕೂವರೆಗೆ ಕುಷ್ಟಗಿಯ ಆ ಪಿಯು ಕಾಲೇಜಿನ ಕಿಟಕಿ ಮುಚ್ಚಿದರೆ ಮಗನ ಒಂದು ವರ್ಷ ಹೋದಂತೆ.

“ಸಿದ್ದೂ, ಏಳೋ. ಇವತ್ತ ಕಡೀ ದಿನ. ಏನ್ ಬರೀಲಿ ಹೇಳು” ಎಂದು ಅವನು ಮಗನ ಹಾಸಿಗೆಯ ಪಕ್ಕ ಕೂತು ಕೇಳಿದ.

“ನೀನ ಬರಿ ಅಪ್ಪಾ” ಎಂದಿತು ಚಾದರ.

ಚಾದರದ ಒಳಗಿದ್ದವನು ಸಿದ್ದಲಿಂಗೇಶ. ಮೊನ್ನೆ ಎಸ್ಸೆಸ್ಸೆಲ್ಸಿಯನ್ನು ನೂರಕ್ಕೆ ಐವತ್ನಾಲ್ಕರಲ್ಲಿ ಪಾಸು ಮಾಡಿದ್ದ. ಕೆಟ್ಟ ಹುಡುಗನಲ್ಲ. ಜಗಳವಿಲ್ಲ, ಚಟವಿಲ್ಲ, ಎದುರು ಮಾತಿಲ್ಲ. ತೊಂದರೆಯೇ ಅದು. ಏನು ಕೇಳಿದರೂ ಕೋಲೆ ಬಸವನ ಹಾಗೆ ತಲೆಯಾಡಿಸುತ್ತಿದ್ದ.

“ಸೈನ್ಸ್ ತಗೋತಿಯೇನು?”

“ಹೂಂ.”

“ಕಾಮರ್ಸ್?”

“ಹೂಂ.”

“ಇಲ್ಲಾ ಎಮ್ಮಿ ಕಾಯ್ತಿಯೇನು?”

“ಹೂಂ.”

“ನಮ್ಮನ್ಯಾಗ ಎಮ್ಮಿ ಎಲ್ಲೈತೋ?”

ಚಾದರ ಸ್ವಲ್ಪ ಹೊತ್ತು ಯೋಚಿಸಿತು. “ಹೌದಲ್ಲ” ಎಂದು ಮತ್ತೆ ಮಗ್ಗುಲು ಬದಲಿಸಿತು.

ಅಡುಗೆಮನೆಯಿಂದ ಹೆಂಡತಿ ಶೈಲಜಾ ಲಟ್ಟಣಿಗೆ ಹಿಡಿದುಕೊಂಡೇ ಬಂದಳು. “ಅವನ್ನೇನ ಕೇಳ್ತೀರಿ? ಸೈನ್ಸ್ ಅಂತ ಬರದು ಮುಗಸ್ರಿ. ಮ್ಯಾಲಿನ ಮನಿ ಐಶ್ವರ್ಯ ಸೈನ್ಸ್ ತಗೊಂಡಾಳ. ನಾಳಿ ನಲ್ಲಿ ಮುಂದ ಕೊಡ ಹಿಡಕೊಂಡು ನಾ ಏನಂತ ಹೇಳ್ಲಿ?”

“ಐಶ್ವರ್ಯಾಗ ತೊಂಬತ್ನಾಕ ಬಂದಾವ. ಇವಗ ಲೆಕ್ಕದಾಗ ಮೂವತ್ತೇಳು.”

“ಪಾಸ್ ಆಗ್ಯಾನಲ್ಲ? ಪಾಸ್ ಅಂದ್ರ ಪಾಸ್” ಎಂದಳು ಶೈಲಜಾ.

ಹೊರಸಿನ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ರುದ್ರೇಶನ ತಾಯಿ ಬಸವಣ್ಣೆಮ್ಮ ತಲೆ ಎತ್ತಿದರು. “ಯಾಕ ಬಡದಾಡ್ತೀರಿ? ಹನುಮಪ್ಪನ ಗುಡಿಗೆ ಹೋಗಿ ಹೂ ಕೇಳು. ನಿನ್ನ ಲಗ್ನ ಮಾಡೂ ಮುಂದೂ ಕೇಳಿದ್ವಿ. ಬಲಕ್ಕ ಕೊಟ್ಟಿದ್ದ.”

ಈ ಮಾತಿಗೆ ರುದ್ರೇಶ ಹೆಂಡತಿಯ ಮುಖವನ್ನೂ ನೋಡಲಿಲ್ಲ, ತಾಯಿಯ ಮುಖವನ್ನೂ ನೋಡಲಿಲ್ಲ. ಅರ್ಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಅಂಗಡಿಗೆ ಹೊರಟ.

ಅವನು ಕೆಲಸ ಮಾಡುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಕರಿಬಸಪ್ಪ ಸಾವಕಾರರ ಬೀಜ-ಗೊಬ್ಬರದ ಅಂಗಡಿಯಲ್ಲಿ. ಇಪ್ಪತ್ತು ವರ್ಷದ ಅನುಭವ. ಈ ವಿಷಯದಲ್ಲಿ ಅವನನ್ನು ಮೀರಿಸುವವರು ತಾಲ್ಲೂಕಿನಲ್ಲಿರಲಿಲ್ಲ. ಮುಂಗಾರಿನ ದಿನಗಳಲ್ಲಿ ರೈತರು ಸಾವಕಾರರನ್ನು ಬಿಟ್ಟು ಸೀದಾ ಅವನ ಮುಂದೆ ನಿಲ್ಲುತ್ತಿದ್ದರು. ಹೊಲ ಎಂಥದ್ದು ಎಂದು ಒಂದು ಮಾತು ಕೇಳಿದರೆ ಸಾಕು, ಏನು ಬಿತ್ತಬೇಕೆಂದು ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತಿದ್ದ. ಅವನ ಮಾತಿನ ಮೇಲೆ ಸಾವಿರಾರು ಎಕರೆ ಬಿತ್ತನೆಯಾಗಿ, ಬೆಳೆದು, ಕೊಯಿಲಾಗಿತ್ತು. ಅಂಥವನಿಗೆ ಸ್ವಂತ ಮಗನ ವಿಷಯಕ್ಕೆ ಪೆನ್ನು ಏಳಲಿಲ್ಲ. ಊರವರ ಹೊಲಕ್ಕೆ ಬುದ್ಧಿ ಹೇಳುವುದು ಸುಲಭ. ಬೆಳೆ ಬರದಿದ್ದರೆ ತಪ್ಪನ್ನು ಮಳೆಯ ಮೇಲೆ ಹಾಕಬಹುದು.

“ರುದ್ರಣ್ಣ, ಕೆಂಪು ಮಸಾರಿ ಹೊಲ, ನಾಕ ಎಕರೆ. ಏನ್ ಹಾಕ್ಲಿ?” ಎಂದು ತಾವರಗೇರಾದ ರೈತನೊಬ್ಬ ಬಾಗಿಲಲ್ಲೇ ಕೇಳಿದ.

“ಸಜ್ಜಿ ಹಾಕು. ನಾಕ ಸಾಲಿಗೊಂದ ತೊಗರಿ ಬಿಡು” ಎಂದು ರುದ್ರೇಶ ಅರ್ಜಿಯ ಮೇಲಿನ ಕಣ್ಣು ತೆಗೆಯದೆ ಹೇಳಿದ.

ಚೀಲ ಇಳಿಸುತ್ತಿದ್ದ ಮೆಹಬೂಬಸಾಬರು ಬಂದು ಅರ್ಜಿಯೊಳಗೆ ಇಣುಕಿದರು. ಅವರು ಅಂಗಡಿಗೆ ರುದ್ರೇಶನಿಗಿಂತ ಹತ್ತು ವರ್ಷ ಹಳಬರು. “ಯಾ ಅಲ್ಲಾ! ಇದಿನ್ನೂ ಖಾಲಿ ಐತಿ? ನಾಕೂವರಿಗೆ ಬಂದ್ ಅಲ್ಲೇನೋ?”

ರುದ್ರೇಶ ಉತ್ತರ ಕೊಡುವ ಮೊದಲೇ ಫೋನು ರಿಂಗಾಯಿತು. ಶೈಲಜಾ. “ಬರದ್ರೇನು? ಫೋನ್ ಇಡಬ್ಯಾಡ್ರಿ, ಈಗ ಬರೀರಿ, ಬರದ ಸಪ್ಪಳ ನನಗ ಕೇಳಬೇಕು” ಎಂದಳು. ರುದ್ರೇಶ ‘ವಿಜ್ಞಾನ’ ಎಂದು ಬರೆದ. ಬರೆದ ಮೇಲೆ ಅಂಗೈ ಬೆವರಿತು.

“ಅರೆ, ಲೆಕ್ಕದಾಗ ಮೂವತ್ತೇಳು ತಗೊಂಡ ಹುಡುಗಗ ಸೈನ್ಸ್?” ಮೆಹಬೂಬಸಾಬರು ಹಣೆ ಬಡಿದುಕೊಂಡರು. “ಆ ಕೂಸಿನ್ನ ಯಾಕ ಸಾಯ್ಸ್ತಿ? ಈ ಕಾಲೇಜು ಬ್ಯಾಡ, ಏನೂ ಬ್ಯಾಡ, ಐಟಿಐಗೆ ಹಾಕು. ನಮ್ಮ ನಜೀಬನ್ನ ನೋಡು, ಫಿಟ್ಟರ್ ಮಾಡ್ಯಾನ, ಕೊಪ್ಪಳದ ಕಡೆ ಫ್ಯಾಕ್ಟರಿಯಾಗ ಅದಾನ. ಊಟ ಅಲ್ಲೇ, ಬಸ್ ಅವರದ.”

‘ಸಾಯ್ಸ್ತಿ’ ಎಂಬ ಮಾತು ರುದ್ರೇಶನ ಎದೆಗೆ ನಾಟಿತು. ಪಕ್ಕದ ಜೆರಾಕ್ಸ್ ಅಂಗಡಿಗೆ ಓಡಿ ವೈಟ್ನರ್ ತಂದು ‘ವಿಜ್ಞಾನ’ವನ್ನು ಬಿಳಿ ಮಾಡಿದ. ಅದು ಒಣಗಲೆಂದು ಊದುತ್ತಿರುವಾಗ ಕರಿಬಸಪ್ಪ ಸಾವಕಾರರು ಬಂದರು. ಏನು, ಎಂಥದು ಎಂದು ಕೇಳಿದರು. ಕೇಳಿ ಮುಗಿಯುವ ಮೊದಲೇ ತಮ್ಮ ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಅರ್ಜಿಯನ್ನು ಎಳೆದುಕೊಂಡು, ಒಂಬತ್ತನೇ ಕಾಲಂನಲ್ಲಿ ಸ್ವಂತ ಕೈಯಿಂದ ‘ವಾಣಿಜ್ಯ’ ಎಂದು ಬರೆದುಬಿಟ್ಟರು.

“ಕಾಮರ್ಸ್ ಮಾಡ್ಲಿ. ನಾಳಿ ಓದಿ ಬಂದ್ರ ಇದ ಅಂಗಡ್ಯಾಗ ಕುಂದ್ರತಾನ. ನಿನ್ನಂಥ ಮನಷಾ ಮತ್ತ ನನಗೆಲ್ಲಿ ಸಿಗ್ತಾನ?”

ಸಾವಕಾರರು ಇದನ್ನು ಹೊಗಳಿಕೆಯೆಂದೇ ಹೇಳಿದ್ದರು. ಆದರೆ ಮಗನೂ ಇಪ್ಪತ್ತು ವರ್ಷ ಇದೇ ಗೊಬ್ಬರದ ವಾಸನೆಯಲ್ಲಿ ನಿಂತಿರುವ ಚಿತ್ರ ಕಣ್ಣಿಗೆ ಬಂದು ರುದ್ರೇಶನಿಗೆ ಸಂಕಟವಾಯಿತು. ಹಾಗೆಂದು ಸಾವಕಾರರು ಬರೆದದ್ದನ್ನು ಅವರ ಮುಂದೆಯೇ ಹೊಡೆದುಹಾಕುವುದು ಹೇಗೆ?

ಅದನ್ನು ಶೈಲಜಾ ಮಾಡಿಸಿದಳು. ಸೊಪ್ಪಿನ ಬೀಜಕ್ಕೆಂದು ಬಂದಿದ್ದ ಅವರ ಓಣಿಯ ಮುದುಕವ್ವ ಎಲ್ಲವನ್ನೂ ಕೇಳಿಸಿಕೊಂಡು, ಬೀಜ ಬಿಟ್ಟು, ಮೂಲೆಗೆ ಹೋಗಿ ಫೋನು ಹಚ್ಚಿದ್ದಳು. “ಶೈಲಾ, ನಿನ್ನ ಗಂಡ ಕಾಮರ್ಸ್ ಬರಸ್ಯಾನ ನೋಡವಾ.” ಎರಡನೇ ನಿಮಿಷಕ್ಕೆ ರುದ್ರೇಶನ ಫೋನಿನಿಂದ ಬಂದ ದನಿ ಅಂಗಡಿಯ ಎದುರಿನ ಚಹದ ಗೂಡಿನವರೆಗೆ ಕೇಳಿಸಿತು. ರುದ್ರೇಶ ಸಾವಕಾರರು ನೀರು ಕುಡಿಯಲು ಒಳಗೆ ಹೋದ ಹೊತ್ತು ನೋಡಿ ಮತ್ತೊಂದು ಪದರ ವೈಟ್ನರ್ ಹಚ್ಚಿದ.

ಅಷ್ಟರಲ್ಲಿ ಬೀಜಕ್ಕೆ ಬಂದವರೆಲ್ಲ ಬೀಜ ಮರೆತು ನಿಂತಿದ್ದರು. ಒಬ್ಬ ಡಿಪ್ಲೊಮಾ ಎಂದ. ಒಬ್ಬ ಪೊಲೀಸ್ ಎಂದ. ಬೇವೂರಿನ ಅಜ್ಜನೊಬ್ಬ, “ಸಾಲಿ ಬಿಡಸ್ರಿ, ಎರಡ ಆಡ ಕೊಡಸ್ರಿ” ಎಂದ. ಎಲ್ಲರಿಗೂ ಹೌದೆನ್ನುತ್ತ ರುದ್ರೇಶ ಪೊಟ್ಟಣ ಕೊಡುತ್ತಿದ್ದ. ಅರ್ಧ ತಾಸಿನ ಮೇಲೆ ಇಬ್ಬರು ರೈತರು ಸಿಟ್ಟಿನಿಂದ ಹಿಂತಿರುಗಿ ಬಂದರು. ಹೆಸರುಕಾಳಿನ ಬೀಜ ಕೇಳಿದವನಿಗೆ ಸೂರ್ಯಕಾಂತಿ ಕೊಟ್ಟಿದ್ದ. ಮೆಣಸಿನಕಾಯಿ ಕೇಳಿದವನಿಗೆ ಸವತಿಕಾಯಿ.

“ಇವತ್ತ ನೀ ಇಲ್ಲಿ ನಿಂತ್ರ ತಾಲ್ಲೂಕ ಹಾಳಾಗ್ತೈತಿ ಮಾರಾಯಾ!” ಎಂದರು ಸಾವಕಾರರು. “ಹೋಗು. ಮೊದಲ ಅದೊಂದ ಕಾಲಂ ತುಂಬಿ ಬಾ.”

ಹೊರಗೆ ಬಂದಾಗ ಒಂದು ಗಂಟೆ. ಬಿಸಿಲು ನೆತ್ತಿಯ ಮೇಲಿತ್ತು. ಯಾರ ಮಾತೂ ಬೇಡ, ತಾಯಿ ಹೇಳಿದ್ದೇ ಸರಿ ಎನ್ನಿಸಿತು. ಮನುಷ್ಯರು ಹೇಳಿದರೆ ಇನ್ನೊಬ್ಬ ಮನುಷ್ಯ ಅಲ್ಲವೆನ್ನುತ್ತಾನೆ. ದೇವರು ಹೇಳಿದರೆ ಶೈಲಜಾಳೂ ಸುಮ್ಮನಾಗುತ್ತಾಳೆ. ರುದ್ರೇಶ ಊರ ಅಂಚಿನ ಹನುಮಪ್ಪನ ಗುಡಿಯ ಕಡೆ ಸೈಕಲ್ಲು ತಿರುಗಿಸಿದ.

ಪೂಜಾರಿ ಬಾಗಿಲು ಹಾಕುವುದರಲ್ಲಿದ್ದ. ರುದ್ರೇಶನ ಮುಖ ನೋಡಿ ಮರುಕಪಟ್ಟು ಮತ್ತೆ ತೆರೆದ. ಎರಡು ಕಣಗಿಲ ಎಸಳುಗಳನ್ನು ನೀರಲ್ಲಿ ಅದ್ದಿ ಹನುಮಪ್ಪನ ಬಲ ಭುಜಕ್ಕೊಂದು, ಎಡ ಭುಜಕ್ಕೊಂದು ಅಂಟಿಸಿದ. “ಮನಸ್ಸಿನ್ಯಾಗ ಕೇಳ್ಕೊ. ಬಾಯಿ ಬಿಟ್ಟು ಹೇಳಬ್ಯಾಡ. ಬಲಕ್ಕ ಬಿದ್ರ ಹೌದು, ಎಡಕ್ಕ ಬಿದ್ರ ಅಲ್ಲ.”

ರುದ್ರೇಶ ಕಣ್ಣು ಮುಚ್ಚಿ ಕೈಮುಗಿದು ಕೂತ. ಹತ್ತು ನಿಮಿಷವಾಯಿತು. ಹೂ ಬೀಳಲಿಲ್ಲ. ಇಪ್ಪತ್ತಾಯಿತು. ನೆರಳಿಗೆಂದು ಕಟ್ಟೆಯ ಮೇಲೆ ಮಲಗಿದ್ದ ನಾಲ್ಕಾರು ಜನ ಎದ್ದು ಬಂದು ಹಿಂದೆ ಕೂತರು. ಒಬ್ಬನು ಸೆಕೆಯೆಂದು ಫ್ಯಾನಿನ ಬಟನ್ನಿಗೆ ಕೈ ಹಾಕಿದಾಗ ಪೂಜಾರಿ ಗದರಿದ. “ಏ, ಫ್ಯಾನಿನ ಹೂ ನಡಿಯಂಗಿಲ್ಲ! ತಾನ ಬೀಳಬೇಕು.”

ಅರ್ಧ ತಾಸಾದ ಮೇಲೆ ಪೂಜಾರಿಗೇ ಅನುಮಾನ ಬಂತು. “ತಮ್ಮಾ, ಹೋಗ್ಲಿ ಬಾಯಿ ಬಿಟ್ಟ ಹೇಳು. ಏನಂತ ಕೇಳೀದಿ?”

“ಸೈನ್ಸ್ ಬರೀಲ್ಯಾ ಅಂತ ಕೇಳಿದ್ನಿರಿ. ಆಮ್ಯಾಲ, ಕಾಮರ್ಸೇನಪಾ ಅಂದೆ. ಇಲ್ಲಾ ಐಟಿಐ ಛಲೋನೋ ಅಂತ ಅದನ್ನೂ ಕೇಳಿದೆ.”

“ತಪ್ಪ ಮಾಡಿದಿ!” ಪೂಜಾರಿ ಎರಡೂ ಎಸಳು ತೆಗೆದ. “ಹೌದೋ ಅಲ್ಲೋ ಅಷ್ಟ ಹೇಳೂ ದೇವರಪ್ಪಾ ಅಂವ. ನೀ ಮೂರ ಉತ್ತರ ಕೊಟ್ಟು ಒಂದಕ್ಕ ಟಿಕ್ ಹಾಕಂದ್ರ ಹೆಂಗ ಹಾಕ್ತಾನ? ಒಂದ ಮಾತು ಗಟ್ಟಿ ಹಿಡಿ.”

ಮತ್ತೆ ಎಸಳು ಅಂಟಿಸಿದ. ರುದ್ರೇಶ ಒಂದೇ ಮಾತನ್ನು ಗಟ್ಟಿಯಾಗಿ ಹಿಡಿಯಲು ನೋಡಿದ. ‘ಸೈನ್ಸ್ ಬರೀಲ್ಯಾ’ ಎನ್ನುವಷ್ಟರಲ್ಲಿ ಹುಡುಗ ಪುಸ್ತಕದ ಮುಂದೆ ಅಳುತ್ತ ಕೂತದ್ದು ಕಾಣುತ್ತಿತ್ತು. ‘ಕಾಮರ್ಸ್’ ಎನ್ನುವಷ್ಟರಲ್ಲಿ ಗೊಬ್ಬರದ ಚೀಲ ಕಾಣುತ್ತಿತ್ತು. ಹುಡುಗನ ಬದುಕು ತನ್ನಿಂದ ಕೆಡಬಾರದು ಎಂಬುದೊಂದೇ ಅವನ ಮನಸ್ಸಿನಲ್ಲಿದ್ದ ನಿಜವಾದ ಮಾತು. ಅದನ್ನು ಹೌದು ಅಲ್ಲ ಎಂದು ಕೇಳುವ ಬಗೆ ಅವನಿಗೆ ತಿಳಿಯಲಿಲ್ಲ. ಮೂರು ಗಂಟೆ ದಾಟಿತು.

ಕಡೆಗೆ ಬಲ ಭುಜದ ಎಸಳು ಒಂದು ಕೂದಲೆಳೆಯಷ್ಟು ಜಾರಿತು. ಹಿಂದೆ ಕೂತವರು ಕತ್ತು ಚಾಚಿದರು. ಅದೇ ಗಳಿಗೆಗೆ ರುದ್ರೇಶನ ಜೇಬಿನಲ್ಲಿದ್ದ ಫೋನು ಹೊಡೆದುಕೊಂಡಿತು. ಅವನು ಬೆಚ್ಚಿ ಮಂಗಳಾರತಿಯ ತಟ್ಟೆಗೆ ಮೊಣಕೈ ತಾಗಿಸಿದ. ತಟ್ಟೆ ಉರುಳಿ ಹನುಮಪ್ಪನ ಪಾದಕ್ಕೆ ಬಡಿಯಿತು. ಎರಡೂ ಎಸಳು ಒಟ್ಟಿಗೇ ಬಿದ್ದವು.

“ಇದು ಲೆಕ್ಕಕ್ಕಿಲ್ಲ” ಎಂದ ಪೂಜಾರಿ.

ರುದ್ರೇಶನಿಗೆ ಅದು ಕೇಳಿಸಲಿಲ್ಲ. ಫೋನಿನಲ್ಲಿ ಶೈಲಜಾ ಅಳುತ್ತಿದ್ದಳು. “ಏನ್ರೀ, ಸಿದ್ದು ಮನ್ಯಾಗಿಲ್ರೀ. ನಾ ಅಂಗನವಾಡಿ ಕೆಲಸಕ್ಕ ಹೋಗಿ ಈಗ ಬಂದೆ. ಹತ್ತ ಗಂಟೆಕ್ಕ ಹೋದಾಂವ ಊಟಕ್ಕೂ ಬಂದಿಲ್ಲಂತ. ಅತ್ತಿಗೂ ಹೇಳಿಲ್ಲ. ಮತ್ತ... ಮತ್ತ ಫೋನ್ ಮನ್ಯಾಗ ಬಿಟ್ಟ ಹೋಗ್ಯಾನ್ರೀ!”

ಸಿದ್ದಲಿಂಗೇಶ ಬಚ್ಚಲಿಗೂ ಫೋನು ಹಿಡಿದುಕೊಂಡು ಹೋಗುವ ಹುಡುಗ. ಅಂಥವನು ಫೋನು ಬಿಟ್ಟು ಊಟದ ಹೊತ್ತು ಮೀರಿಸಿದ್ದಾನೆಂದರೆ ಅದಕ್ಕೆ ಏನು ಅರ್ಥ? ರಿಜಲ್ಟಿನ ದಿನಗಳಲ್ಲಿ ಪೇಪರಿನ ಒಳಪುಟದಲ್ಲಿ ಬರುವ ಸಣ್ಣ ಸಣ್ಣ ಸುದ್ದಿಗಳೆಲ್ಲ ಅವನಿಗೆ ನೆನಪಾದವು. ಹನ್ನೆರಡು ದಿನ ಬೆಳಗಾದರೆ ‘ಏನ್ ಬರೀಲಿ, ಏನ್ ಬರೀಲಿ’ ಎಂದು ಆ ಹುಡುಗನ ತಲೆ ತಿಂದದ್ದು ನೆನಪಾಯಿತು. ಒಮ್ಮೆಯಾದರೂ ಬೇರೆ ಏನನ್ನಾದರೂ ಮಾತಾಡಿದ್ದೆನೇ ಎಂದು ಕೇಳಿಕೊಂಡ. ಇಲ್ಲ.

ಮೆಹಬೂಬಸಾಬರಿಗೆ ಫೋನು ಮಾಡಿದ. ಅವರು ಐದೇ ನಿಮಿಷಕ್ಕೆ ತಮ್ಮ ಹಳೆಯ ಬೈಕು ಓಡಿಸಿಕೊಂಡು ಬಂದರು. “ಫಿಕರ್ ಮಾಡಬ್ಯಾಡ, ಹತ್ತು” ಎಂದರು. ಬಸ್‌ಸ್ಟ್ಯಾಂಡು ನೋಡಿದರು. ಗಂಗಾವತಿ ಬಸ್ಸಿನೊಳಗೆ ಹತ್ತಿ ಒಂದೊಂದು ಸೀಟು ಹುಡುಕಿದರು. ಕ್ರಿಕೆಟ್ ಆಡುವ ಬಯಲು ನೋಡಿದರು. ಕಡೆಗೆ ಇಬ್ಬರೂ ಹೇಳಲಾರದೆ ಉಳಿಸಿಕೊಂಡಿದ್ದ ಜಾಗವೊಂದೇ ಉಳಿಯಿತು. ಮೆಹಬೂಬಸಾಬರು ಏನೂ ಮಾತಾಡದೆ ಊರ ಹೊರಗಿನ ಕೆರೆಯ ದಾರಿಗೆ ಗಾಡಿ ತಿರುಗಿಸಿದರು.

“ಚಾಚಾ, ಯಾವ ಸೈನ್ಸೂ ಬ್ಯಾಡ, ಕಾಮರ್ಸೂ ಬ್ಯಾಡ” ಎಂದು ರುದ್ರೇಶ ಅವರ ಬೆನ್ನಿಗೆ ಹಣೆ ಹಚ್ಚಿ ಅತ್ತ. “ಹುಡುಗ ಸಿಕ್ರ ಸಾಕು. ಜಲ್ಮದಾಗ ಇನ್ನೊಮ್ಮಿ ಕೇಳಂಗಿಲ್ಲ.”

ಏರಿ ಹತ್ತಿ ನೋಡಿದರೆ ಕೆರೆಯಲ್ಲಿ ನೀರೇ ಇರಲಿಲ್ಲ. ಬಿರುಕು ಬಿಟ್ಟ ನೆಲದ ಮೇಲೆ ಆಡು ಮೇಯುತ್ತಿದ್ದವು. ಕುಷ್ಟಗಿ ಸೀಮೆಯಲ್ಲಿ ಬತ್ತಿದ ಕೆರೆ ನೋಡಿ ಕೈಮುಗಿದವನು ಅವನೊಬ್ಬನೇ ಇರಬೇಕು.

“ನಾಕಕ್ಕ ಐದ ನಿಮಿಷ ಐತಿ” ಎಂದರು ಮೆಹಬೂಬಸಾಬರು, ತಾವೂ ಕಣ್ಣೊರೆಸಿಕೊಂಡು. “ಹುಡುಗ ಎಲ್ಲೋ ಗೆಳೆಯಾರ ಜೋಡಿ ಅದಾನ, ಬರ್ತಾನ. ಅಷ್ಟರಾಗ ಕಾಲೇಜಿಗೆ ಹೋಗಿ ಒಂದ ದಿನ ಟೈಮ್ ಕೇಳೋಣ. ಹೆತ್ತ ಹೊಟ್ಟಿ ಅಂದ್ರ ಕೊಡ್ತಾರ.”

ಕಾಲೇಜಿನ ವರಾಂಡಕ್ಕೆ ಕಾಲಿಟ್ಟ ರುದ್ರೇಶ ಅಲ್ಲೇ ನಿಂತ. ಕಿಟಕಿಯ ಎದುರಿನ ಬೆಂಚಿನ ಮೇಲೆ, ಕಾಲಿನ ಚಪ್ಪಲಿ ಕೆಳಗೆ ಒತ್ತಟ್ಟಿಗೆ ಇಟ್ಟು, ಬಾಯಿ ಅರ್ಧ ತೆರೆದು ಸಿದ್ದಲಿಂಗೇಶ ಗಾಢ ನಿದ್ದೆಯಲ್ಲಿದ್ದ. ರುದ್ರೇಶ ಅವನನ್ನು ಎಬ್ಬಿಸಲಿಲ್ಲ. ಅವನ ಕಾಲ ಬುಡದಲ್ಲಿ ಕೂತು, ಹುಡುಗನ ಹೊಟ್ಟೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಉಸಿರು ಹಿಡಿತಕ್ಕೆ ತಂದುಕೊಂಡ. ಮೆಹಬೂಬಸಾಬರು ಆಚೆ ನಿಂತು ಮನೆಗೂ ಅಂಗಡಿಗೂ ಫೋನು ಮಾಡಿದರು.

“ಅಪ್ಪಾ? ಭಾಳ ತಡ ಮಾಡಿದ್ಯಲ್ಲ” ಎಂದು ಹುಡುಗ ತಾನಾಗಿಯೇ ಕಣ್ಣು ಬಿಟ್ಟ.

“ನೀ ಯಾವಾಗ ಬಂದ್ಯೋ?”

“ಹನ್ನೊಂದಕ್ಕ. ಹುಡುಗನ ಸಹಿ ಬೇಕಂತ ಮೊನ್ನಿ ಹೇಳಿದ್ರಲ್ಲ? ನೀ ಬರ್ತಿ ಅಂತ ಕುಂತಿದ್ದೆ.”

“ಫೋನ್ ಯಾಕ ಬಿಟ್ಟ ಬಂದಿ?”

“ಚಾರ್ಜ್ ಇರ್ಲಿಲ್ಲ.”

ಅಷ್ಟರಲ್ಲಿ ಆಟೊ ಬಂದು ನಿಂತು ಶೈಲಜಾ ಮತ್ತು ಬಸವಣ್ಣೆಮ್ಮ ಇಳಿದರು. ಶೈಲಜಾ ಮಗನನ್ನು ತಬ್ಬಿಕೊಂಡು ಬೆನ್ನಿಗೆ ಎರಡು ಏಟನ್ನೂ ಕೊಟ್ಟಳು. ಹಿಂದೆಯೇ ಕರಿಬಸಪ್ಪ ಸಾವಕಾರರೂ ಅಂಗಡಿಯನ್ನು ಯಾರಿಗೋ ಒಪ್ಪಿಸಿ ಬಂದರು. ಹುಡುಗ ಸಿಕ್ಕನೆಂದು ಎಲ್ಲರಿಗೂ ಸಂತೋಷವಾಯಿತು. ಆ ಸಂತೋಷ ಮೂರು ನಿಮಿಷವಿತ್ತು.

“ಫಾರ್ಮ್ ಕೊಡೋರಿದ್ರ ಕೊಡ್ರಿ. ನಾಕೂ ಹದಿನೈದು ಆತು” ಎಂದು ಕಿಟಕಿಯೊಳಗಿನ ಗುಮಾಸ್ತರು ಕೂಗಿದರು. ಅರ್ಜಿ ಈಸಿಕೊಂಡು ಕನ್ನಡಕ ಏರಿಸಿದರು. “ಇದೇನ್ರಿ ಒಂಬತ್ತನೇ ಕಾಲಂ? ಗ್ವಾಡಿಗೆ ಸುಣ್ಣ ಹಚ್ಚಿದಂಗ ಐತಿ. ಏನ್ ಬರೀಬೇಕಂತೀರಿ, ಲಗೂನ ಬರೀರಿ.”

“ಸೈನ್ಸ್” ಎಂದಳು ಶೈಲಜಾ.

“ಕಾಮರ್ಸ್ ಅಂತ ನಾ ಬರದಿದ್ದೆ, ಅದನ್ನ ಯಾರು ಅಳಸಿದ್ರು?” ಎಂದರು ಸಾವಕಾರರು.

“ಐಟಿಐಗೆ ಇನ್ನೂ ಟೈಮ್ ಐತಿ, ಈ ಫಾರ್ಮ್ ಹರದ ಒಗೀರಿ” ಎಂದರು ಮೆಹಬೂಬಸಾಬರು.

“ಹನುಮಪ್ಪ ಏನಂದ?” ಎಂದರು ಬಸವಣ್ಣೆಮ್ಮ. ರುದ್ರೇಶ ತಟ್ಟೆ ಉರುಳಿದ ಕತೆ ಹೇಳಬೇಕಾಯಿತು. ಅವರು ಕೆನ್ನೆ ಕೆನ್ನೆ ಬಡಿದುಕೊಂಡರು. ನಾಲ್ವರೂ ಒಟ್ಟಿಗೇ ಮಾತಾಡತೊಡಗಿದರು. ಗುಮಾಸ್ತರು ಗಡಿಯಾರ ನೋಡಿದರು.

“ಹನುಮಪ್ಪನ್ನ ನಾ ಕೇಳೀನಿ” ಎಂದ ಸಿದ್ದಲಿಂಗೇಶ.

ಯಾರಿಗೂ ಕೇಳಿಸಲಿಲ್ಲ. ಅವನು ತಾನಾಗಿ ಒಂದು ಮಾತಾಡಿದ್ದು ಯಾರಿಗೂ ರೂಢಿಯಿರಲಿಲ್ಲ. ಇನ್ನೊಮ್ಮೆ ಹೇಳಿದ. “ಮುಂಜಾನಿ ಇಲ್ಲಿಗೆ ಬರೂ ಮುಂದ ಗುಡಿಗೆ ಹೋಗಿದ್ನಿ. ಪೂಜಾರಪ್ಪನ ಮಗ ಇದ್ದ. ಹೂ ಕೇಳಿದೆ. ಬಲಕ್ಕ ಕೊಟ್ಟ. ಎರಡ ನಿಮಿಷದಾಗ.”

ಗುಮಾಸ್ತರೂ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ನನ್ನಪ್ಪಾ!” ಬಸವಣ್ಣೆಮ್ಮ ಮೊಮ್ಮಗನ ಗಲ್ಲ ಹಿಡಿದರು. “ಕೊಟ್ಟನಲ್ಲ? ಮುಗೀತು. ಇನ್ನ ಯಾರೂ ತುಟಿ ಬಿಚ್ಚಬ್ಯಾಡ್ರಿ. ದೇವರು ಹೇಳಿದ್ದ ಆಗಬೇಕು.”

“ಆಗ್ಲಿ, ದೇವರ ಮಾತಿಗೆ ನಾ ಎದುರಾಡಂಗಿಲ್ಲ” ಎಂದಳು ಶೈಲಜಾ. ಮಗ ಸೈನ್ಸ್ ಕೇಳಿದ್ದಾನೆಂದು ಅವಳಿಗೆ ಗ್ಯಾರಂಟಿಯಿತ್ತು. ಸಾವಕಾರರು ಕಾಮರ್ಸೇ ಇರಬೇಕೆಂದು ಮೀಸೆ ತಿರುವಿದರು. “ಉಪರವಾಲಾ ಹೇಳಿದ ಮ್ಯಾಲ ನಮ್ದೇನೈತಿ?” ಎಂದರು ಮೆಹಬೂಬಸಾಬರೂ.

ರುದ್ರೇಶನಿಗೆ ಹನ್ನೆರಡು ದಿನದ ಭಾರ ಹೆಗಲಿಂದ ಇಳಿದಂತಾಯಿತು. ಪೆನ್ನಿನ ಮುಚ್ಚಳ ತೆಗೆದ. “ಏನಂತ ಕೇಳಿದ್ಯೋ ನನ ರಾಜಾ? ಹೇಳು, ಬರೀತೀನಿ.”

“‘ಬ್ಯಾರೆ ಯಾರ ಮಾತೂ ಕೇಳಂಗಿಲ್ಲ, ಅಪ್ಪ ಏನ್ ಬರೀತಾನ ಅದನ್ನ ಓದ್ತೀನಿ, ನಡೀತೈತೇನು’ ಅಂತ ಕೇಳಿದೆ.”

ಎಲ್ಲರೂ ರುದ್ರೇಶನ ಕಡೆ ತಿರುಗಿದರು.

“ಮತ್ತ ನಾಳಿ ಫೇಲಾದ್ರ?” ಎಂದು ಮೆಹಬೂಬಸಾಬರು ಹುಡುಗನನ್ನು ಕೇಳಿದರು.

“ಹನುಮಪ್ಪನೇ ಒಪ್ಪಿದ ಮ್ಯಾಲ ಅಪ್ಪ ನನಗ ಬೈಯಾಕ ಬರಂಗಿಲ್ಲಲ್ಲ” ಎಂದ ಹುಡುಗ. ಎಸ್ಸೆಸ್ಸೆಲ್ಸಿಯಲ್ಲಿ ಐವತ್ನಾಲ್ಕು ತೆಗೆದವನು ಇಷ್ಟು ಯೋಚಿಸಬಲ್ಲನೆಂದು ಯಾವ ಮೇಷ್ಟರೂ ರುದ್ರೇಶನಿಗೆ ಹೇಳಿರಲಿಲ್ಲ.

“ಬರಿಯಪ್ಪಾ ರುದ್ರಾ” ಎಂದರು ಬಸವಣ್ಣೆಮ್ಮ. ಬೆಳಗಿನಿಂದ ಎಲ್ಲರೂ ಎಳೆದಾಡಿದ್ದ ಅರ್ಜಿಯ ಹತ್ತಿರ ಈಗ ಯಾರೂ ಬರಲಿಲ್ಲ. ಶೈಲಜಾ ಸೆರಗು ಬಾಯಿಗೆ ಹಿಡಿದು ನಿಂತಳು. ಸಾವಕಾರರು ಚಾವಣಿ ನೋಡಿದರು. ನಾಲ್ಕೂ ಇಪ್ಪತ್ತೆರಡು.

“ನಿನಗೇನ್ ಇಷ್ಟನೋ ಸಿದ್ದೂ? ಖರೇ ಹೇಳು.” ರುದ್ರೇಶ ಪೆನ್ನು ಹಿಡಿದೇ ಕೇಳಿದ.

ಹುಡುಗ ಈ ಸಲ ಹೂಂ ಎನ್ನಲಿಲ್ಲ. “ಖರೇ ಅಂದ್ರ ಗೊತ್ತಿಲ್ಲಪ್ಪಾ. ನನ್ನಷ್ಟ ಇದ್ದಾಗ ನಿನಗ ಗೊತ್ತಿತ್ತೇನು?”

ಗೊತ್ತಿರಲಿಲ್ಲ. ಕೆಲಸ ಹುಡುಕಿಕೊಂಡು ಗಂಗಾವತಿಗೆ ಹೋಗಲು ಬಸ್ ಕಾಯುತ್ತ ನಿಂತಿದ್ದಾಗ, ಚೀಲ ಇಳಿಸಲು ಒಂದು ಕೈ ಬೇಕೆಂದು ಸಾವಕಾರರು ಕರೆದಿದ್ದರು. ಆ ಕೈ ಇಪ್ಪತ್ತು ವರ್ಷ ಅಲ್ಲೇ ಉಳಿಯಿತು. ರುದ್ರೇಶ ಮಗನನ್ನು ನೋಡಿದ. ಯಾವ ಮಣ್ಣೆಂದು ತಿಳಿಯದ ಹೊಲದವನು ಅಂಗಡಿಗೆ ಬಂದರೆ ತಾನು ಏನು ಹೇಳುತ್ತೇನೆ? ಹುರಳಿ ಚೆಲ್ಲಿ ನೋಡು ಎನ್ನುತ್ತೇನೆ. ಎಂಥ ನೆಲದಲ್ಲೂ ಬರುತ್ತದೆ, ನೆಲ ಎಂಥದೆಂದು ಅದೇ ತೋರಿಸುತ್ತದೆ. ಅವನು ಬಗ್ಗಿ, ಬೆಳಗಿನಿಂದ ಯಾರೂ ಹೆಸರೆತ್ತದಿದ್ದ ಮಾತನ್ನು, ಬಿಳಿ ಪದರದ ಮೇಲೆ, ಒಂದೊಂದೇ ಅಕ್ಷರ ಒತ್ತಿ ಬರೆದ: ‘ಕಲೆ’.

ಶೈಲಜಾ ಬಾಯಿ ತೆರೆದಳು. ಅತ್ತೆಯ ಮುಖ ನೋಡಿ ಮುಚ್ಚಿದಳು. ಸಾವಕಾರರು ಏನೋ ಗೊಣಗಿ ನುಂಗಿದರು. ಸಿದ್ದಲಿಂಗೇಶ ಸಹಿ ಮಾಡಿದ. ರುದ್ರೇಶನಿಗೆ ಮೈಯೆಲ್ಲ ಹಗುರವೆನ್ನಿಸಿತು. ಹುಟ್ಟಿದಾಗಿನಿಂದ ತಾನೊಬ್ಬನೇ ಗಟ್ಟಿಯಾಗಿ ನಿಂತು ಮಾಡಿದ ಮೊದಲ ತೀರ್ಮಾನ ಇದು ಎಂದುಕೊಂಡ.

ಗುಮಾಸ್ತರು ಸೀಲನ್ನು ಶಾಯಿಯ ಡಬ್ಬಿಗೆ ಒತ್ತಿದರು. ಅಷ್ಟರಲ್ಲಿ ಪ್ಯೂನ್ ಸುಂಕಲಮ್ಮ ಪ್ರಿನ್ಸಿಪಾಲರ ಕೋಣೆಯಿಂದ ಒಂದು ಹಾಳೆಯನ್ನೂ ಗೋಂದಿನ ಬಾಟಲಿಯನ್ನೂ ಹಿಡಿದು ಹೊರಬಂದಳು. “ಸರ್ರ, ಸೀಲ್ ಹೊಡಿಯೂ ಗಡಿಬಿಡಿ ಬ್ಯಾಡ್ರಿ. ಮ್ಯಾಲಿಂದ ಆರ್ಡರ್ ಬಂದೈತಿ. ಇನ್ನ ಹದಿನೈದ ದಿನ ಮುಂದಕ್ಕ ಹಾಕ್ಯಾರ” ಎಂದು ಹಾಳೆಯನ್ನು ಬೋರ್ಡಿಗೆ ಅಂಟಿಸಿದಳು.

ಗುಮಾಸ್ತರು ಸೀಲನ್ನು ಗಾಳಿಯಲ್ಲೇ ನಿಲ್ಲಿಸಿದರು. “ಏನ್ ಮಾಡ್ಲಿ? ಹೊಡೀಲ್ಯಾ? ಒಮ್ಮಿ ಸೀಲ್ ಬಿತ್ತಂದ್ರ ಆಮ್ಯಾಲ ತಿದ್ದಾಕ ಬರಂಗಿಲ್ಲ.”

“ಹೊಡೀರಿ” ಎಂದರು ಬಸವಣ್ಣೆಮ್ಮ. “ದೇವರ ಮುಂದ ಮಾತಾಗೇತಿ.”

“ಹೂಂ, ಹೊಡೀರಿ ಅಂದ್ರ. ಬರದಾರಲ್ಲ, ಸಾಕು” ಎಂದಳು ಶೈಲಜಾ, ಸೋತ ದನಿಯಲ್ಲಿ.

“ಹೊಡೀರಿ” ಎಂದರು ಸಾವಕಾರರು. ಮೆಹಬೂಬಸಾಬರೂ ತಲೆಯಾಡಿಸಿದರು. ಹನ್ನೆರಡು ದಿನದಲ್ಲಿ ಮೊದಲ ಸಲ ಎಲ್ಲರ ಮಾತೂ ಒಂದಾಗಿತ್ತು.

ಸೀಲು ಕೆಳಗಿಳಿಯುವಷ್ಟರಲ್ಲಿ ಒಂದು ಕೈ ಕಿಟಕಿಯೊಳಗೆ ನುಗ್ಗಿ ಅರ್ಜಿಯನ್ನು ಹಿಂದಕ್ಕೆ ಎಳೆದುಕೊಂಡಿತು. ಸೀಲು ಬರಿಯ ಟೇಬಲ್ಲಿನ ಮೇಲೆ ಬಿತ್ತು. ಎಳೆದುಕೊಂಡವನು ರುದ್ರೇಶನೇ. ಅವನ ಹಣೆಯ ಮೇಲೆ ಮತ್ತೆ ಬೆವರೊಡೆದಿತ್ತು.

“ಸರ್ರ, ಒಂದ ನಿಮಿಷ” ಎಂದು ಅವನು ಕಿಟಕಿಗೆ ಮುಖ ಹಚ್ಚಿ ದನಿ ತಗ್ಗಿಸಿ ಕೇಳಿದ. “ಹದಿನೈದ ದಿನ ಐತಲ್ರೀ... ನಿಮ್ಮ ಮಗ ಏನ್ ಓದಾಕತ್ತಾನ್ರಿ?”

ಸಿದ್ದಲಿಂಗೇಶ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಮತ್ತೆ ಮಲಗಿದ.